ನಶ್ಯದ ನಿರ್ಣಯ

ಪಂಕಜಾ ಮಂಡಲ ಪಂಚಾಯತಿನ ಚುನಾವಣೆಗೆ ನಿಲ್ಲಬೇಕೆಂದು ಹಠ ಹಿಡಿದವರು ಅವಳ ಮಾವ ಕೃಷ್ಣರಾಜರೇ. ಹೆಂಗಸರಿಗೆ ಸೀಟು ಮೀಸಲಿಟ್ಟ ಸುದ್ದಿ ಬಂದ ದಿನ ಅವರು ಊಟ ಮುಗಿದರೂ ಮಣೆಯಿಂದ ಏಳದೆ, ಎಂಜಲು ಕೈ ಒಣಗಿಸಿಕೊಂಡು ಕುಳಿತು ಸೊಸೆಯಿಂದ ಹೂಂ ಅನ್ನಿಸಿಕೊಂಡಿದ್ದರು. ಅವಳು ಪಿಯುಸಿ ಓದಿದವಳು. ಬಜಗೋಳಿಯ ತವರಿನಲ್ಲಿದ್ದಾಗ ಮಹಿಳಾ ಮಂಡಲ ನಡೆಸಿದವಳು. ಆ ಓದು ಮೀನು ತೊಳೆಯುವುದರಲ್ಲಿ ಮುಗಿದುಹೋಗಬಾರದು ಎಂಬುದು ಅವರ ವಾದ. ತಮ್ಮ ಊರು ಕೊಪ್ಪಲಬೆಟ್ಟಿನ ಮನೆಮನೆಗೆ ಹೋಗಿ ಮತ ಕೇಳಿದವರೂ ಅವರೇ. ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟರಾಗಿ ಆಯುಷ್ಯವಿಡೀ ಉಡುಪಿ, ಮಣಿಪಾಲ, ಮಂಗಳೂರು ಎಂದು ಕೂಗಿದ ಗಂಟಲು ಅದು. ಅಂಗಳದಲ್ಲಿ ನಿಂತು ಅವರು ಸೊಸೆಯ ಹೆಸರು ಹೇಳಿದರೆ ಗದ್ದೆಯ ಆಚೆಯ ಮನೆಗಳಿಗೂ ಕೇಳಿಸುತ್ತಿತ್ತು.

ಪಂಕಜಾ ಗೆದ್ದಳು. ಅದು ಎಂಬತ್ತೇಳನೆಯ ಇಸವಿಯ ಆರಂಭದಲ್ಲಿ. ಅದೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮಾವ ಸೊಸೆ ಒಂದೇ ಮಾಡಿನ ಕೆಳಗೆ ಮುಖ ತಿರುಗಿಸಿಕೊಂಡು ಓಡಾಡುವ ಹಾಗಾಯಿತು. ಕಾರಣ ನಶ್ಯ.

ಕೃಷ್ಣರಾಜರು ಮೀಸೆ ಮೂಡುವ ಮೊದಲೇ ಬೀಡಿ ಹಿಡಿದವರು. ಒಂದು ಬಸ್ಸು ಹೊರಟು ಇನ್ನೊಂದು ಬರುವ ನಡುವಿನ ಬಿಡುವೆಲ್ಲ ಬೀಡಿಗೆ. ಚುನಾವಣೆಗೆ ಎರಡು ವರ್ಷ ಮೊದಲು ಕೆಮ್ಮು ಎಷ್ಟು ಹೆಚ್ಚಿತೆಂದರೆ ಕೂಗುವುದಿರಲಿ, ಮಾತು ಮುಗಿಸುವುದೂ ಕಷ್ಟವಾಯಿತು. ಮಗ ಅನಂತಪದ್ಮನಾಭ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಅವನೇ ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಕ್ಸ್‌ರೇ ನೋಡಿದ ಡಾಕ್ಟರು, ಬೀಡಿ ಬಿಡುವುದಿಲ್ಲವಾದರೆ ಮತ್ತೆ ಇಲ್ಲಿಗೆ ಬರುವ ಶ್ರಮ ತೆಗೆದುಕೊಳ್ಳಬೇಡಿ ಎಂದುಬಿಟ್ಟರು. ಮನೆಗೆ ಬಂದವರು ಬೀಡಿ ಬಿಟ್ಟರು, ಹಿಡಿದರು, ಮತ್ತೆ ಬಿಟ್ಟರು. ಬಿಟ್ಟ ದಿನಗಳಲ್ಲಿ ಅನ್ನದ ಬಟ್ಟಲು ಅಂಗಳಕ್ಕೆ ಹೋದದ್ದೂ ಉಂಟು. ಕೊನೆಗೆ ದಾರಿ ತೋರಿಸಿದವನು ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ವ್ಯಾಲೆಂಟೈನ್. ಸಿಗರೇಟಿನಿಂದ ಉಸಿರು ಸಾಲದೆ ಬ್ಯಾಂಡಿನಿಂದ ಹೊರಬೀಳುವುದರಲ್ಲಿದ್ದ ಅವನು ನಶ್ಯ ಹಿಡಿದು, ಸಿಗರೇಟು ಬಿಟ್ಟು, ಮತ್ತೆ ಊದತೊಡಗಿದ್ದ. ಕೃಷ್ಣರಾಜರೂ ಪುತ್ತುಬ್ಬನ ಅಂಗಡಿಯಿಂದ ನಶ್ಯ ತಂದರು. ಬೀಡಿ ನಿಂತಿತು. ಒಂದು ಮಳೆಗಾಲ ಕಳೆಯುವುದರೊಳಗೆ ಕೆಮ್ಮು ತಗ್ಗಿತು, ಸ್ವರ ಮರಳಿತು.

ಮನೆಯವರಿಗೆ ಸಂತೋಷವಾಗಿತ್ತು, ಆದರೆ ಪೂರ್ತಿ ಅಲ್ಲ. ನಶ್ಯ ಏರಿಸಿದ ಮೇಲೆ ಅವರು ಸೀನುವ ಸದ್ದಿಗೆ ಕೋಳಿಗಳು ಹಾರುತ್ತಿದ್ದವು. ಕಂದು ಬಣ್ಣಕ್ಕೆ ತಿರುಗಿದ ಕೈವಸ್ತ್ರಗಳನ್ನು ಹೆಂಡತಿ ಪ್ರಭಾವತಿಯಮ್ಮ ಬೇರೆ ಬಾಲ್ದಿಯಲ್ಲಿ ನೆನೆಹಾಕಿ, ಮೂಗು ಆಚೆ ಮಾಡಿ ಒಗೆಯುತ್ತಿದ್ದರು. ಆಕೆ ಸ್ವತಃ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರು. ಆದ್ದರಿಂದ ಗಂಡನಿಗೆ ಉಪದೇಶ ಮಾಡುವ ಹಾಗಿರಲಿಲ್ಲ.

ಜಗಳ ಹೊತ್ತಿಕೊಂಡದ್ದು ಮೂರನೇ ಕ್ಲಾಸಿನ ವಸಂತಿಯಿಂದ. ಅಜ್ಜ ಮಧ್ಯಾಹ್ನ ಮಲಗಿದ್ದಾಗ ಅವರ ನಶ್ಯದ ಡಬ್ಬಿ ತೆಗೆದು ಅವಳು ಅಜ್ಜನ ಹಾಗೆಯೇ ಎರಡೂ ಹೊಳ್ಳೆಗೆ ಏರಿಸಿಕೊಂಡಳು. ಪಂಕಜಾ ಬಾವಿಕಟ್ಟೆಯಿಂದ ಓಡಿ ಬರುವಾಗ ಮಗಳು ಕಣ್ಣು ಮೂಗು ಎಲ್ಲ ಸುರಿಸುತ್ತ ವಾಂತಿ ಮಾಡುತ್ತಿದ್ದಳು, ಮೂಗಿನಿಂದ ರಕ್ತವೂ ಬಂದಿತ್ತು. ಅವಳನ್ನು ತೊಳೆದು ಮಲಗಿಸಿ ಕೇಳಿದಾಗ ಹೊರಬಂದ ಸುದ್ದಿ ಇನ್ನೂ ಕೆಟ್ಟದ್ದು. ಶಾಲೆಯ ದೊಡ್ಡ ಮಕ್ಕಳೆಲ್ಲ ನಶ್ಯ ಎಳೆಯುತ್ತಾರಂತೆ, ಯಾರು ಸೀನುವುದಿಲ್ಲವೋ ಅವರು ಗೆದ್ದ ಹಾಗಂತೆ. ಮರುದಿನ ಪಂಕಜಾ ಶಾಲೆಗೆ ಹೋದಳು. ಹೆಡ್‌ಮಾಸ್ಟರರು ಅಲ್ಲಗಳೆಯಲಿಲ್ಲ. ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಕ್ಲಾಸಿಗೆ ಬರುವ ಹುಡುಗರೂ ಇದ್ದಾರೆ ಎಂದರು.

ಆ ವಾರವೇ ಅವಳು ಪಂಚಾಯತಿಗೆ ಒಂದು ನಿರ್ಣಯ ಕೊಟ್ಟಳು. ಕೊಪ್ಪಲಬೆಟ್ಟು ಮಂಡಲದ ಯಾವ ಅಂಗಡಿಯಲ್ಲೂ ನಶ್ಯ ಮತ್ತು ಹೊಗೆಸೊಪ್ಪು ಮಾರಬಾರದು. ಮಾರಿದರೆ ಲೈಸನ್ಸ್ ನವೀಕರಿಸಬಾರದು. ರಾಜ್ಯದಲ್ಲೆಲ್ಲ ಇಂಥ ಕಾನೂನು ತರಬೇಕೆಂದು ಸರಕಾರಕ್ಕೂ ಬರೆಯಬೇಕು.

ಕೃಷ್ಣರಾಜರಿಗೆ ಇದು ಗೊತ್ತಾದದ್ದು ಮನೆಯಲ್ಲಿ ಅಲ್ಲ, ಪುತ್ತುಬ್ಬನ ಅಂಗಡಿಯಲ್ಲಿ. ಅವರು ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಪಂಕಜಾ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಗೆ ಮಸಾಲೆ ಅರೆಯುತ್ತಿದ್ದಳು.

"ಬೀಡಿ ಯಾಕೆ ಇಲ್ಲ ಅದರಲ್ಲಿ?" ಎಂದು ಕೇಳಿದರು.

ಅವಳು ಕೈ ನಿಲ್ಲಿಸಲಿಲ್ಲ. "ಬೀಡಿ ಸೇರಿಸಿದರೆ ಒಂದು ಓಟೂ ಬೀಳುವುದಿಲ್ಲ ಮಾವ. ಊರಲ್ಲಿ ಬೀಡಿ ಕಟ್ಟದ ಮನೆ ಎಲ್ಲುಂಟು?"

"ಹಾಗಾದರೆ ಮನುಷ್ಯನನ್ನು ಕೊಲ್ಲುವುದು ಇರಲಿ, ಅದರಿಂದ ತಪ್ಪಿಸಿದ್ದು ಹೋಗಲಿ. ಅದೇ ಅಲ್ವಾ ನಿನ್ನ ನಿರ್ಣಯ?"

"ನಿಮ್ಮ ಮೊಮ್ಮಗಳ ಮೂಗಲ್ಲಿ ರಕ್ತ ಬಂದದ್ದನ್ನು ನೀವೂ ನೋಡಿದ್ದೀರಿ."

ಡಬ್ಬಿ ಮಕ್ಕಳ ಕೈಗೆ ಸಿಗುವಲ್ಲಿ ಇಟ್ಟದ್ದು ತನ್ನ ತಪ್ಪು, ಅದಕ್ಕೆ ಊರಿನ ಅಂಗಡಿಗಳನ್ನು ಮುಚ್ಚಿಸುವುದು ಯಾವ ನ್ಯಾಯ ಎಂದು ಅವರು ಶುರು ಮಾಡಿದರು. ಮಾತು ಮಸಾಲೆ ಅರೆದು ಮುಗಿದರೂ ಮುಗಿಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅನಂತಪದ್ಮನಾಭ ಎರಡೂ ಕಡೆಯ ವಾದವನ್ನು ಮೊದಲಿನಿಂದ ಕೇಳಬೇಕಾಯಿತು. ದಿನವಿಡೀ ಯಂತ್ರದ ಸದ್ದಿನಲ್ಲಿ ನಿಂತು, ಎರಡು ಬಸ್ಸು ಬದಲಿಸಿ ಬಂದವನು ಅವನು. ಬೀಡಿ ಬಿಟ್ಟದ್ದರಿಂದಲೇ ಅಪ್ಪ ಬದುಕಿದ್ದು ಎಂದ. ಮಕ್ಕಳ ಕೈಗೆ ನಶ್ಯ ಸಿಗಬಾರದು ಎಂಬುದೂ ಸರಿ ಎಂದ. ಎರಡನ್ನೂ ಹೇಳಿದ್ದಕ್ಕೆ ಇಬ್ಬರೂ ಅವನ ಮೇಲೆ ಸಿಟ್ಟಾದರು. ಅಂದಿನಿಂದ ಅಪ್ಪ "ನಿನ್ನ ಹೆಂಡತಿಗೆ ಹೇಳು" ಎಂದೂ, ಹೆಂಡತಿ "ನಿಮ್ಮ ಅಪ್ಪನಿಗೆ ಹೇಳಿ" ಎಂದೂ ಅವನ ಮೂಲಕ ಮಾತಾಡತೊಡಗಿದರು. ಐದು ಜನ ಕುಳಿತ ಕೋಣೆಯಲ್ಲಿ ಉಪ್ಪು ದಾಟಿಸುವುದಕ್ಕೂ ಅವನೇ ಬೇಕಾಯಿತು.

ಪಕ್ಕದ ಮನೆಯ ನಳಿನಾಕ್ಷಿ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿಯಲ್ಲಿ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ ಹರಡಿದ ಮೊರದಂಥ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟುವವಳು. ಪಂಕಜಾಳ ನಿರ್ಣಯಕ್ಕೆ ಬೆಂಬಲ ಸೇರಿಸಿಕೊಟ್ಟವಳು ಅವಳೇ. ಬೀಡಿಯ ತಂಟೆಗೆ ಬಾರದಿದ್ದರೆ ಸಾಕು, ಉಳಿದದ್ದಕ್ಕೆಲ್ಲ ತಾವು ಹೆಂಗಸರು ಇದ್ದೇವೆ ಎಂದು ಅವಳು ಮಾತು ಕೊಟ್ಟಿದ್ದಳು. ಅತ್ತ ಕೃಷ್ಣರಾಜರು ವ್ಯಾಲೆಂಟೈನನನ್ನು ಕಟ್ಟಿಕೊಂಡು ಮನೆಮನೆಗೆ ಹೊರಟರು. ಚುನಾವಣೆಗೆ ಸೊಸೆಯ ಪರವಾಗಿ ಹತ್ತಿದ ಮೆಟ್ಟಿಲುಗಳನ್ನೇ ಈಗ ಅವಳ ವಿರುದ್ಧ ಹತ್ತಿದರು. ಬೀಡಿ ಬಿಡಬೇಕೆಂದಿರುವವನಿಗೆ ಏನಾದರೂ ಒಂದು ಆಸರೆ ಬೇಕು, ಅದನ್ನು ಕಿತ್ತುಕೊಳ್ಳಬಾರದು ಎಂದು ಹೋದಲ್ಲೆಲ್ಲ ಹೇಳಿದರು. ಜನ ಚಹಾ ಕೊಟ್ಟು ಕೇಳಿದರು. ಅವರು ಹೋದ ಮೇಲೆ, ಏಜೆಂಟರ ಮನೆಯಲ್ಲಿ ಎಂತ ಗಲಾಟೆ ಮಾರಾಯ ಎಂದು ನಕ್ಕರು. ಆ ನಗು ಒಂದು ಸುತ್ತು ಹಾಕಿ ಪಂಕಜಾಳ ಕಿವಿಗೂ ಬಂತು. ಅವಳಿಗೆ ನಿರ್ಣಯದ ವಿರೋಧಕ್ಕಿಂತ ಹೆಚ್ಚು ಉರಿದದ್ದು ಅದಕ್ಕೇ. ತನ್ನನ್ನು ಗೆಲ್ಲಿಸಿದ ಮಾವನೇ ಊರಿಗೆಲ್ಲ ತನ್ನನ್ನು ನಗೆಪಾಟಲು ಮಾಡುತ್ತಿದ್ದಾರೆ ಎಂದು ಗಂಡನ ಮುಂದೆ ಒಂದು ಬಾರಿ ಅತ್ತಳು, ಆಮೇಲೆ ಅಳಲಿಲ್ಲ.

ಪ್ರಭಾವತಿಯಮ್ಮ ಈ ಜಗಳದಲ್ಲಿ ಯಾವ ಪಕ್ಷಕ್ಕೂ ಸೇರಲಿಲ್ಲ. ಆಕೆ ಮಾತು ಕಡಿಮೆ ಮಾಡಿದ್ದರು. ಊಟಕ್ಕೆ ಕುಳಿತರೆ ಗಂಜಿಯ ತಿಳಿ ಕುಡಿದು ಏಳುತ್ತಿದ್ದರು. ಪುಳಿಮುಂಚಿ ಬಡಿಸಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. ಮೀನಿನ ತುಂಡನ್ನು ನೀರಿನಲ್ಲಿ ತೊಳೆದು ತಿನ್ನುವುದನ್ನು ಒಮ್ಮೆ ನೋಡಿದ ಪಂಕಜಾ, ತಾನು ಮಾಡಿದ ಅಡುಗೆಯ ಮೇಲೆ ಅತ್ತೆ ಸಿಟ್ಟು ತೋರಿಸುತ್ತಿದ್ದಾರೆ, ಮಾವನ ಕಡೆಗೆ ವಾಲಿದ್ದಾರೆ ಎಂದುಕೊಂಡಳು. ಕೃಷ್ಣರಾಜರು ಅದನ್ನೇ ನೋಡಿ, ಸೊಸೆಯ ಮೇಲಿನ ಬೇಸರದಿಂದ ಹೆಂಡತಿ ಊಟ ಬಿಟ್ಟಿದ್ದಾಳೆ ಎಂದು ವ್ಯಾಲೆಂಟೈನನ ಹತ್ತಿರ ಹೇಳಿಕೊಂಡರು. ಆಕೆ ಕೃಷ್ಣರಾಜರ ಪಕ್ಷ ಎಂಬುದರಲ್ಲಿ ಇಬ್ಬರಿಗೂ ಸಂಶಯ ಬರಲಿಲ್ಲ.

ನಿರ್ಣಯ ಚರ್ಚೆಗೆ ಬರುವ ದಿನ ಪಂಚಾಯತಿನ ಸಣ್ಣ ಸಭಾಂಗಣ ತುಂಬಿತ್ತು. ಮಹಿಳಾ ಮಂಡಲದವರು ಒಂದು ಗೋಡೆಗೆ, ಅಂಗಡಿಯವರು ಇನ್ನೊಂದು ಗೋಡೆಗೆ ಒರಗಿ ನಿಂತಿದ್ದರು. ಪುತ್ತುಬ್ಬ ಬಾಗಿಲ ಹೊರಗೇ ನಿಂತ. ಊರಿನವರಿಗೂ ಎರಡು ಮಾತಾಡಲು ಬಿಡಬೇಕೆಂದು ಕೃಷ್ಣರಾಜರು ಪಂಚಾಯತಿನ ಮುಖ್ಯಸ್ಥರಾದ ಪ್ರಧಾನರಿಂದ ಮೊದಲೇ ಒಪ್ಪಿಗೆ ಪಡೆದಿದ್ದರು. ಎದ್ದು ನಿಂತವರು ಸದಸ್ಯರ ಸಾಲಿನಲ್ಲಿ ಕುಳಿತ ಸೊಸೆಯ ಕಡೆ ನೋಡಲಿಲ್ಲ.

"ನನ್ನ ಕೈಯಿಂದ ಬೀಡಿ ಬಿಡಿಸಿದ್ದು ಡಾಕ್ಟರ್ ಅಲ್ಲ, ಮನೆಯವರೂ ಅಲ್ಲ," ಎಂದು ನಶ್ಯದ ಡಬ್ಬಿಯನ್ನು ಎತ್ತಿ ಹಿಡಿದರು. "ಇದು. ಅಟ್ಟದಿಂದ ಇಳಿಯುವವನಿಗೆ ಏಣಿ ಬೇಕು. ಏಣಿ ತೆಗೆದುಹಾಕಿ ಹಾರು ಅಂದರೆ ಅವನು ಅಟ್ಟದಲ್ಲೇ ಕೂರುತ್ತಾನೆ. ನಾಳೆ ಇದು ಸಿಗದಿದ್ದರೆ ನಾನು ಎಲ್ಲಿಗೆ ಹೋಗುತ್ತೇನೆ ಅಂತ ನನಗೆ ಗೊತ್ತುಂಟು. ಬೀಡಿ ಎಲ್ಲ ಅಂಗಡಿಯಲ್ಲೂ ಇರುತ್ತದಲ್ಲ."

ಅವರ ಸ್ವರಕ್ಕೆ ಮೊದಲಿನ ಗತ್ತು ಇತ್ತು. ಆ ಸ್ವರವೇ ಅವರ ಸಾಕ್ಷಿ. ಕೆಮ್ಮಿ ಬಗ್ಗಿ ಹೋಗಿದ್ದ ಮನುಷ್ಯನನ್ನು ಅಲ್ಲಿದ್ದವರೆಲ್ಲ ನೋಡಿದ್ದರು.

ಪಂಕಜಾ ಎದ್ದಳು. "ಈಗ ಮಾತಾಡಿದವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಬೀಡಿಯಿಂದ ನಶ್ಯಕ್ಕೆ ಇಳಿದವರು ಊರಲ್ಲಿ ಕೆಲವರಿದ್ದಾರೆ. ಆದರೆ ಶಾಲೆಯ ಮಕ್ಕಳು ಯಾವ ಅಟ್ಟದಿಂದ ಇಳಿಯುತ್ತಿದ್ದಾರೆ? ಅವರು ಅದೇ ಏಣಿಯಿಂದ ಮೇಲೆ ಹತ್ತುತ್ತಿದ್ದಾರೆ."

ಹೆಂಗಸರ ಕಡೆಯಿಂದ ಒಪ್ಪಿಗೆಯ ಗುಜುಗುಜು ಎದ್ದಿತು. ಕೃಷ್ಣರಾಜರಿಗೆ ಕಸಿವಿಸಿಯಾಯಿತು. ಮನೆಯಿಂದ ಹೊರಡುವಾಗಲೇ ಅವರು ಒಂದು ಯೋಚನೆ ಮಾಡಿಕೊಂಡಿದ್ದರು. ಅದಕ್ಕೇ ಹೆಂಡತಿಯನ್ನು ಒತ್ತಾಯ ಮಾಡಿ ಕರೆದುಕೊಂಡು ಬಂದಿದ್ದರು. ಹೊಗೆಯಿಲ್ಲದ ಹೊಗೆಸೊಪ್ಪು ಯಾರನ್ನು ಕೊಂದಿದೆ ಎಂದು ಸಭೆಯನ್ನು ಕೇಳಿದರು. ನನ್ನ ಹೆಂಡತಿ ಮದುವೆಯಾಗಿ ಬಂದಂದಿನಿಂದ ತಿನ್ನುತ್ತಿದ್ದಾಳೆ, ಒಂದು ದಿನ ಮಲಗಿದವಳಲ್ಲ, ಅವಳನ್ನೇ ಕೇಳಿ ಎಂದರು.

ಪ್ರಭಾವತಿಯಮ್ಮ ಹಿಂದಿನ ಸಾಲಿನಲ್ಲಿ ನಳಿನಾಕ್ಷಿಯ ಪಕ್ಕ ಕುಳಿತಿದ್ದರು. ಎಲ್ಲರೂ ತಿರುಗಿ ನೋಡಿದಾಗ ಬೇರೆ ದಾರಿ ಇಲ್ಲದೆ ಎದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ತೆಗೆದರು.

"ನನಗೆ ಮಳೆಗಾಲ ಶುರುವಾದಾಗಿಂದ ಖಾರ ತಿನ್ನಲಿಕ್ಕೆ ಆಗುವುದಿಲ್ಲ. ಬಾಯಿ ಉರಿಯುತ್ತದೆ," ಎಂದರು. "ಇಷ್ಟಕ್ಕಿಂತ ಹೆಚ್ಚು ತೆರೆಯಲಿಕ್ಕೂ ಆಗುವುದಿಲ್ಲ." ಬಾಯಿ ತೆರೆದು ತೋರಿಸಿದರು. ಎರಡು ಬೆರಳು ಹೋಗುವಷ್ಟೂ ತೆರೆದಿರಲಿಲ್ಲ.

ಅಷ್ಟು ಹೇಳಿ ಕುಳಿತುಬಿಟ್ಟರು. ಪ್ರಧಾನರು ನಿರ್ಣಯವನ್ನು ಮುಂದಿನ ತಿಂಗಳ ಸಭೆಗೆ ಹಾಕಿ, ರಸ್ತೆ ದುರಸ್ತಿಯ ವಿಷಯ ಎತ್ತಿಕೊಂಡರು. ಪಂಕಜಾ ಸದಸ್ಯರ ಸಾಲಿನಿಂದ ಎದ್ದು ಅತ್ತೆಯ ಹತ್ತಿರ ಹೋದಳು. ಕೃಷ್ಣರಾಜರು ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ನಡೆದರು.

ಮೂರೂ ಜನ ಗದ್ದೆಯ ಬದುವಿನಲ್ಲಿ ಒಬ್ಬರ ಹಿಂದೆ ಒಬ್ಬರು ಮನೆಗೆ ಬಂದರು. ಮೊದಲೇ ಹೇಳಬಾರದಿತ್ತಾ ಎಂದು ಕೃಷ್ಣರಾಜರು ಹೆಂಡತಿಯ ಮೇಲೆ ರೇಗಿದರು. ನೀವು ಕೇಳಬಾರದಿತ್ತಾ ಎಂದು ಪಂಕಜಾ ಮಾವನ ಮೇಲೆ ರೇಗಿದಳು. ದಿನಾ ಬಡಿಸುವವಳು ನೀನು ಎಂದು ಅವರು ತಿರುಗಿಸಿ ಹೇಳಿದರು.

ಮರುದಿನ ಅನಂತಪದ್ಮನಾಭ ರಜೆ ಹಾಕಿ ತಾಯಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ. ತಂದೆಯೂ ಹೆಂಡತಿಯೂ ಜೊತೆಗೆ ಬಂದರು. ಬೇಡವೆಂದು ಯಾರಿಗೆ ಹೇಳಿದರೂ ಇನ್ನೊಂದು ಜಗಳವಾಗುತ್ತಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು. ಕೆನ್ನೆಯ ಒಳಗೆ ದೀಪ ಹಿಡಿದು ನೋಡಿ, ಒಳಚರ್ಮ ಬಿಳಿಚಿ ಗಟ್ಟಿಯಾಗಿದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಪಂಕಜಾ ಪರೀಕ್ಷೆಯ ವಿಷಯ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಕೃಷ್ಣರಾಜರಿಗೆ ತಮ್ಮ ವಾದದ ಚಿಂತೆ ಇನ್ನೂ ಬಿಟ್ಟಿರಲಿಲ್ಲ. ಹೊಗೆಸೊಪ್ಪು ಕೆಟ್ಟದ್ದೇ ಇರಲಿ, ನಶ್ಯ ಬೀಡಿಗಿಂತ ವಾಸಿ ಅಲ್ವಾ ಎಂದು ಕೇಳಿಯೇಬಿಟ್ಟರು.

"ನಿಮ್ಮ ಎದೆಗೆ ಬೀಡಿಗಿಂತ ವಾಸಿ ಇರಬಹುದು," ಎಂದರು ಡಾಕ್ಟರು. "ಆದರೆ ಮೂಗಿನ ಒಳಗೂ ಚರ್ಮವೇ ಇರುವುದು. ನಶ್ಯ ಒಳ್ಳೆಯದು ಅಂತ ನಾನು ಹೇಳಿದೆ ಅಂತ ಊರಲ್ಲಿ ಹೇಳಿಕೊಂಡು ತಿರುಗಬೇಡಿ."

ಇದು ಹೌದು ಎಂಬ ಉತ್ತರವೋ ಅಲ್ಲ ಎಂಬ ಉತ್ತರವೋ ಎಂದು ಮಾವ ಸೊಸೆ ಬಸ್ಸಿನಲ್ಲಿ ಕಾಪು ಬರುವವರೆಗೂ ಚರ್ಚೆ ಮಾಡಿದರು. ನಡುವಿನ ಸೀಟಿನಲ್ಲಿ ಪ್ರಭಾವತಿಯಮ್ಮ ಚೂರು ತೆಗೆದ ಕೆನ್ನೆಗೆ ಹತ್ತಿ ಒತ್ತಿಕೊಂಡು ಕುಳಿತಿದ್ದರು.

ಪರೀಕ್ಷೆಯ ಫಲ ಬಂತು. ಕ್ಯಾನ್ಸರ್ ಅಲ್ಲ. ಆದರೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಯಾವುದೂ ಇನ್ನು ಬಾಯಿಗೆ ಹೋಗಕೂಡದು, ಹೋದರೆ ಆಗುವುದು ಅದೇ ಎಂದು ಸ್ಪಷ್ಟವಾಗಿ ಹೇಳಿ ಕಳಿಸಿದರು. ಪಂಕಜಾ ಅದೇ ದಿನ ಎಲೆಯ ಹರಿವಾಣವನ್ನು ಖಾಲಿ ಮಾಡಿ ತೊಳೆದು ಅಟ್ಟಕ್ಕೆ ಏರಿಸಿದಳು.

ಮುಂದಿನ ಒಂದೆರಡು ವಾರಗಳು ಮನೆಯವರಿಗೆ ಕೃಷ್ಣರಾಜರ ಬೀಡಿ ಬಿಟ್ಟ ದಿನಗಳನ್ನು ನೆನಪಿಸಿದವು. ಇದು ಅದಕ್ಕಿಂತ ಕಷ್ಟವಾಯಿತು. ಪ್ರಭಾವತಿಯಮ್ಮ ಏನನ್ನೂ ಎಸೆಯುವವರಲ್ಲ. ಬೆಳಿಗ್ಗೆ ಎದ್ದರೆ ತಲೆನೋವು. ಒಲೆಯ ಮುಂದೆ ಕುಳಿತರೆ ಮಾಡುತ್ತಿದ್ದ ಕೆಲಸ ಮರೆತುಹೋಗುವುದು. ಅನ್ನಕ್ಕೆ ನೀರಿಡಲು ಮರೆತು ಪಾತ್ರೆ ಸುಟ್ಟುಹೋಯಿತು. ವಸಂತಿ ಸ್ಲೇಟು ಕೆಳಗೆ ಬೀಳಿಸಿದ್ದಕ್ಕೆ ಅವಳ ಬೆನ್ನಿಗೆ ಒಂದು ಬಾರಿಸಿ, ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಅತ್ತರು. ಕೃಷ್ಣರಾಜರು ಹೆಂಡತಿಯ ಪಾಡು ನೋಡಲಾರದೆ, ಒಂದು ಚಿಟಿಕೆ ನಶ್ಯ ಏರಿಸಿ ನೋಡಲಿ, ಬಾಯಿಗಂತೂ ಹೋಗುವುದಿಲ್ಲವಲ್ಲ ಎಂದು ಮಗನ ಮೂಲಕ ಹೇಳಿ ಕಳಿಸಿದರು. ಪಂಕಜಾ ಕೇಳಿಯೂ ಕೇಳದವಳ ಹಾಗೆ ಕಡೆಯುವ ಕಲ್ಲಿನ ಮುಂದೆ ಕುಳಿತಳು. ಒಂದು ಚಟ ಬಿಡಿಸಲು ಇನ್ನೊಂದು ಚಟವೇ, ಈ ಮನೆಯಲ್ಲಿ ಬೇರೆ ಔಷಧ ಇಲ್ಲವೇ ಎಂದು ಗಂಡನಿಗೆ ಹೇಳಿದಳು.

ಕ್ರಮೇಣ ಅತ್ತೆ ಸ್ವಲ್ಪ ಶಾಂತವಾದ ಹಾಗೆ ಕಂಡಿತು. ಮಧ್ಯಾಹ್ನದ ಕೆಲಸ ಮುಗಿಸಿ ನಳಿನಾಕ್ಷಿಯ ಜಗಲಿಗೆ ಮಾತಾಡಲು ಹೋಗುವ ಅಭ್ಯಾಸ ಮಾಡಿಕೊಂಡರು. ಬರುವಾಗ ಮುಖ ತಿಳಿಯಾಗಿರುತ್ತಿತ್ತು. ಪಂಕಜಾಳಿಗೆ ಸಮಾಧಾನವಾಯಿತು. ಬಿಟ್ಟರೆ ಹೀಗೆಯೇ ಬಿಡಬೇಕು ಎಂದು ಮಾವನಿಗೆ ಕೇಳುವ ಹಾಗೆ ಎರಡು ಸಲ ಹೇಳಿದಳು ಕೂಡ.

ಒಂದು ದಿನ ನಳಿನಾಕ್ಷಿ ಬಾವಿಕಟ್ಟೆಯಲ್ಲಿ ಅವಳನ್ನು ನಿಲ್ಲಿಸಿದಳು. ಹೇಳಲೋ ಬೇಡವೋ ಎಂದು ಹಗ್ಗವನ್ನು ಕೈಗೆ ಸುತ್ತಿ ಬಿಚ್ಚಿ ಮಾಡಿದಳು.

"ನಿಮ್ಮ ಅತ್ತೆ ನನ್ನ ಗೆರಸೆಯಿಂದ ತೆಗೆದುಕೊಂಡು ಬಾಯಿಗೆ ಹಾಕುತ್ತಾರೆ," ಎಂದಳು. "ಬೀಡಿಯ ಹೊಗೆಸೊಪ್ಪು. ಬೇಡ ಅಂದರೆ ಕೈ ಹಿಡಿದುಕೊಳ್ಳುತ್ತಾರೆ. ಹಿರಿಯರು, ನಾನು ಎಂತ ಮಾಡುವುದು?"

ಪಂಕಜಾ ತುಂಬಿದ ಕೊಡವನ್ನು ಕಟ್ಟೆಯ ಮೇಲೆಯೇ ಬಿಟ್ಟಳು. ಊರಿನ ಅಂಗಡಿಗಳನ್ನೆಲ್ಲ ಮುಚ್ಚಿಸುವ ನಿರ್ಣಯವನ್ನು ತಾನು ಕೈಯಲ್ಲಿ ಹಿಡಿದು ತಿರುಗುತ್ತಿರುವಾಗ, ಆ ಊರಿನ ಪ್ರತಿಯೊಂದು ಜಗಲಿಯಲ್ಲಿ ಗೆರಸೆ ತುಂಬ ಹೊಗೆಸೊಪ್ಪಿತ್ತು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ದಿನವೂ ಆ ಘಾಟಿನಲ್ಲೇ ಓಡಾಡುತ್ತಿದ್ದಳು. ಅವಳು ಮನೆಗೆ ಹೋಗಿ ಅತ್ತೆಯನ್ನು ಬೈಯಲಿಲ್ಲ. ಸೆರಗು ಸರಿ ಮಾಡಿಕೊಂಡು ಸೀದಾ ಪುತ್ತುಬ್ಬನ ಅಂಗಡಿಗೆ ನಡೆದಳು.

ಸಂಜೆಯ ಹೊತ್ತು. ಅಂಗಡಿಯ ಬೆಂಚಿನ ಮೇಲೆ ಜನರಿದ್ದರು. ಅವಳು ನಶ್ಯ ಬೇಕೆಂದಳು.

"ನಿಮ್ಮ ಮಾವನಿಗಾ?" ಎಂದು ಪುತ್ತುಬ್ಬ ಕೇಳಿದ.

"ಅತ್ತೆಗೆ."

ಅವನು ಮತ್ತೇನೂ ಕೇಳದೆ ಕಟ್ಟಿಕೊಟ್ಟ. ಕೊಡುವಾಗ ಮಾತ್ರ ಸುಮ್ಮನಿರಲಾಗಲಿಲ್ಲ. "ಲೈಸನ್ಸ್ ಹೋಗುವ ಮೊದಲು ಮೆಂಬರಮ್ಮನಿಗೂ ಒಂದು ವ್ಯಾಪಾರ ಮಾಡಿದ ಹಾಗಾಯಿತು," ಎಂದ.

ಬೆಂಚಿನ ಮೇಲಿದ್ದವರು ನಗು ಅದುಮಿಕೊಂಡರು. ಪಂಕಜಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಶಾಲೆಯ ಮಕ್ಕಳಿಗೆ ಇದನ್ನು ಕೊಡುತ್ತೀರಾ ಎಂದು ಅಲ್ಲೇ ನಿಂತು ಕೇಳಿದಳು. ಮಕ್ಕಳು ಅಜ್ಜನಿಗೆ ಎಂದು ಹೇಳಿ ಕೊಂಡುಹೋಗುತ್ತಾರೆ, ಅಜ್ಜನಿಗೋ ಅಲ್ಲವೋ ಎಂದು ನನ್ನಿಂದ ಹಿಂದೆ ಹೋಗಿ ನೋಡಲಾಗುತ್ತದೆಯೇ ಎಂದು ಅವನು ತಲೆ ತಗ್ಗಿಸಿ ಹೇಳಿದ. ಅಜ್ಜನಿಗೆ ಬೇಕಾದರೆ ಅಜ್ಜನೇ ಬರಲಿ ಎಂದು ಹೇಳಿ ಅವಳು ಹೊರಟುಬಂದಳು.

ಆ ಪೊಟ್ಟಣವನ್ನು ಅವಳು ಅತ್ತೆಯ ಮುಂದಿಟ್ಟಾಗ ಕೃಷ್ಣರಾಜರು ಜಗಲಿಯಿಂದ ಎದ್ದು ಬಂದರು. ಗೆದ್ದವರ ಹಾಗೆ ಏನೋ ಹೇಳಲು ಬಾಯಿ ತೆರೆದವರು, ಸೊಸೆ ಗೆರಸೆಯ ವಿಷಯ ಹೇಳಿದ ಕೂಡಲೇ ಮುಚ್ಚಿದರು. ಪ್ರಭಾವತಿಯಮ್ಮ ತಲೆ ಎತ್ತಲಿಲ್ಲ. ಚಿಟಿಕೆ ಹಿಡಿಯುವುದು ಹೇಗೆಂದು ಗಂಡನೇ ತೋರಿಸಿಕೊಟ್ಟರು. ಮೊದಲ ಬಾರಿಗೆ ಏರಿಸಿದಾಗ ಆಕೆ ಸೀನಿ ಸೀನಿ ಗೋಡೆ ಹಿಡಿದು ನಿಂತರು. ಆದರೂ ಮರುದಿನ ಮಧ್ಯಾಹ್ನ ನಳಿನಾಕ್ಷಿಯ ಜಗಲಿಗೆ ಹೋಗಲಿಲ್ಲ.

ಮುಂದಿನ ಸಭೆಯಲ್ಲಿ ಪಂಕಜಾ ತನ್ನ ನಿರ್ಣಯವನ್ನು ತಾನೇ ಹಿಂತೆಗೆದುಕೊಂಡಳು. ಅದರ ಬದಲಿಗೆ ಬೇರೆ ನಿರ್ಣಯ ತಂದಳು. ನಶ್ಯ, ಹೊಗೆಸೊಪ್ಪು, ಬೀಡಿ, ಸಿಗರೇಟು, ಯಾವುದನ್ನೂ ಮಕ್ಕಳ ಕೈಗೆ ಕೊಡಬಾರದು. ಶಾಲೆಯ ಹತ್ತಿರ ಯಾವುದನ್ನೂ ಮಾರಬಾರದು. ಮೆಂಬರಮ್ಮನಿಗೆ ಮನೆಯಿಂದ ಆರ್ಡರ್ ಆಯಿತೇನೋ ಎಂದು ಹಿಂದಿನ ಸಾಲಿನಿಂದ ಯಾರೋ ಕುಟುಕಿದರು. ಮನೆಯಿಂದಲೇ ಆಯಿತು, ಆದರೆ ನೀವು ನೆನೆಸಿದವರಿಂದ ಅಲ್ಲ ಎಂದು ಅವಳು ಉತ್ತರ ಕೊಟ್ಟಳು. ಬೀಡಿಯ ಹೆಸರು ಬಂದದ್ದಕ್ಕೆ ಹೆಂಗಸರು ಸ್ವಲ್ಪ ಗೊಣಗಿದರು. ಮಕ್ಕಳಿಗೆ ಮಾರಬೇಕೆಂದು ವಾದಿಸಲು ಯಾರಿಗೂ ಧೈರ್ಯ ಬರಲಿಲ್ಲ. ನಿರ್ಣಯ ಪಾಸಾಯಿತು.

ಅವಳು ಮನೆಗೆ ಬರುವಾಗ ಕೃಷ್ಣರಾಜರು ಅಡುಗೆಮನೆಯಲ್ಲಿ ಹೆಂಡತಿಗೆಂದು ಗಂಜಿಯನ್ನು ಸೌಟಿನಿಂದ ಮಸೆಯುತ್ತಿದ್ದರು. ಈ ಬಾರಿ ಅವರು ಸಭೆಗೆ ಹೋಗಿರಲಿಲ್ಲ. ಆದದ್ದನ್ನು ಪಂಕಜಾ ಅವರಿಗೇ ನೇರವಾಗಿ ಹೇಳಿದಳು. ಖುಷಿಪಡುತ್ತಾರೆ ಎಂದುಕೊಂಡಿದ್ದಳು. ಅವರು ಸೌಟು ಕೆಳಗಿಟ್ಟರು.

"ಹೊಗೆಸೊಪ್ಪು ಮಾರುವುದನ್ನೂ ಹಾಗೇ ಬಿಟ್ಟುಬಿಟ್ಟೆಯಾ?"

"ಬಿಡದೆ ಎಂತ ಮಾಡುವುದು? ನೀವೇ ಅಲ್ವಾ ನಿಲ್ಲಿಸಬಾರದು ಅಂದದ್ದು?"

"ನಾನು ನಶ್ಯಕ್ಕೆ ಹೇಳಿದ್ದು. ಹೊಗೆಸೊಪ್ಪು ನಿಲ್ಲಬೇಕಿತ್ತು. ಇವಳ ಬಾಯಿ ನೋಡಿದ ಮೇಲೂ ನಿನಗೆ ಬುದ್ಧಿ ಬರಲಿಲ್ಲವಾ?"

ನಿಲ್ಲಿಸಿದರೆ ಅತ್ತೆಯ ಹಾಗೆ ಎಲ್ಲರೂ ಗೆರಸೆಗೆ ಕೈ ಹಾಕುತ್ತಾರೆ, ಇಳಿಯಲು ಏಣಿ ಬೇಕು ಎಂದವರು ನೀವೇ ಎಂದು ಪಂಕಜಾ ಸ್ವರ ಏರಿಸಿದಳು. ಕೆಲವು ಏಣಿ ಸೀದಾ ಬಾವಿಗೆ ಇಳಿಯುತ್ತದೆ ಎಂದು ಅವರೂ ಏರಿಸಿದರು. ಒಂದು ತಿಂಗಳ ಹಿಂದೆ ಅವಳು ಆಡಿದ ಮಾತನ್ನು ಅವರೂ, ಅವರು ಆಡಿದ್ದನ್ನು ಅವಳೂ ಆಡುತ್ತಿದ್ದರು. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಪ್ರಭಾವತಿಯಮ್ಮ ಮಸೆದ ಗಂಜಿಯ ಬಟ್ಟಲನ್ನು ಗಂಡನ ಮುಂದಿನಿಂದ ಎಳೆದುಕೊಂಡರು.

"ಹುಣ್ಣು ನನ್ನ ಬಾಯಲ್ಲಿ, ಮಾತು ನಿಮ್ಮಿಬ್ಬರದ್ದು," ಎಂದರು. "ಪಂಚಾಯತಿನಲ್ಲಿ ಮಾತಾಡಿದಿರಿ, ಡಾಕ್ಟರ ಹತ್ತಿರ ಮಾತಾಡಿದಿರಿ, ಬಸ್ಸಿನಲ್ಲೂ ಬಿಡಲಿಲ್ಲ. ನಿನಗೆ ಹೇಗುಂಟು ಅಂತ ಒಬ್ಬರಾದರೂ ನನ್ನನ್ನು ಕೇಳಿದ್ದೀರಾ?"

ಒಲೆಯ ಮೇಲೆ ಸಾರು ಉಕ್ಕಿ ಬಂದರೂ ಪಂಕಜಾ ಅತ್ತ ತಿರುಗಲಿಲ್ಲ. ಕೊನೆಗೆ ಕೃಷ್ಣರಾಜರು ಸಣ್ಣ ಸ್ವರದಲ್ಲಿ ಕೇಳಿದರು.

"ಹೇಗುಂಟು ಈಗ?"

ಪ್ರಭಾವತಿಯಮ್ಮ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕುಳಿತು, ನಿಧಾನವಾಗಿ ಹೇಳತೊಡಗಿದರು. ಉರಿ ಎಲ್ಲಿ ಶುರುವಾದದ್ದು, ಯಾವ ಕೆನ್ನೆಯಲ್ಲಿ ಮೊದಲು, ಹಲ್ಲುಜ್ಜುವಾಗ ಹೇಗಾಗುತ್ತದೆ, ರಾತ್ರಿ ನಿದ್ದೆಯಲ್ಲಿ ಬಾಯಿ ಕಚ್ಚಿಕೊಂಡು ಎಚ್ಚರಾಗುವುದು, ಹಾಗೇ ಸತ್ತುಹೋಗುತ್ತೇನೇನೋ ಎಂದು ಒಬ್ಬಳೇ ಹೆದರಿ ಬೆಳಗಿನವರೆಗೆ ಕುಳಿತದ್ದು. ಮನೆಗೆ ಬಂದ ಅನಂತಪದ್ಮನಾಭ, ಅಪ್ಪನೂ ಹೆಂಡತಿಯೂ ಬಾಯಿ ಮುಚ್ಚಿ ಕುಳಿತಿರುವುದನ್ನು ಬಾಗಿಲಿನಿಂದಲೇ ನೋಡಿದ. ನಿರ್ಣಯ ಎಂತ ಆಯಿತು ಎಂದು ಕೇಳಲು ಹೊರಟವನು ಕೇಳದೆ, ಚೀಲವನ್ನು ಕೆಳಗಿಟ್ಟು, ತಾಯಿಯ ಎದುರು ಹೋಗಿ ಕುಳಿತ.